ಹೊಸ ಬಾಗಿಲಿಗೆ ಹಿಂಜಸ್ ಕಚ್ಚು ಎಷ್ಟು ಆಳ ತೆಗೀಬೇಕು?

ಸಾಗರದ_ಮನೆ:
ಎಲ್ರಿಗೂ ನಮಸ್ಕಾರ. ರೂಮಿನ ಹಳೇ ಬಾಗಿಲು ಕೆಳಗೆಲ್ಲ ಗೆದ್ದಲು ಹಿಡಿದು ಹೋಯ್ತು, ಚೌಕಟ್ಟು ಹಲಸಿಂದು, ಇನ್ನೂ ಗಟ್ಟಿ ಇದೆ, ಹಂಗಾಗಿ ಬಾಗಿಲು ಮಾತ್ರ 32 ಎಂಎಂ ಫ್ಲಶ್ ಡೋರ್ (ಎರಡೂ ಕಡೆ ಪ್ಲೈ ಹಾಳೆ ಅಂಟಿಸಿದ ಸಪಾಟು ಬಾಗಿಲು) ತಂದಿದೀನಿ. ಒಂದೇ ಬಾಗಿಲು ಅಂದ್ರೆ ಕಾರ್ಪೆಂಟರ್ ಯಾರೂ ಬರ್ತಿಲ್ಲ, ನಾನೇ ಕೂರಿಸ್ತೀನಿ. ಉಳಿ, ಕೊಡತಿ ಇದೆ. ಚೌಕಟ್ಟಲ್ಲಿ ಹಳೇ 4 ಇಂಚಿನ ಹಿಂಜಸ್ ಕಚ್ಚು (ಹಿಂಜಸ್ ತಗಡು ಕೂರೋಕೆ ಮರದಲ್ಲಿ ಕೆತ್ತಿದ ತಗ್ಗು) ಮೂರು ಇದಾವೆ. ಬಾಗಿಲಿಗೆ ಎಷ್ಟು ಆಳ ತೆಗೀಬೇಕು, ರೌಟರ್ (ಮರ ಕೊರೆಯೋ ಕರೆಂಟ್ ಮಷಿನ್) ಇಲ್ದೆ ಆಗುತ್ತಾ?

ಉಳಿ_ಕೊಡತಿ:
ರೌಟರ್ ಬೇಡ ಸರ್, ಅದನ್ನ ಸೆಟ್ ಮಾಡೋಷ್ಟರಲ್ಲಿ ಉಳೀಲೇ ಮುಗಿಯುತ್ತೆ. ಹಿಂಜಸ್ ತಗಡು ಎಷ್ಟು ದಪ್ಪ ಇದೆಯೋ ಅಷ್ಟೇ ಆಳ, ಕೂರಿಸಿ ಬೆರಳಾಡಿಸಿದ್ರೆ ತಗಡು ಮರ ಎರಡೂ ಸಮ ಇರ್ಬೇಕು, ಪಿನ್ ಇರೋ ಗುಂಡಗಿನ ಭಾಗ ಹೊರಗೇ ಇರ್ಲಿ. ಟೇಪಲ್ಲಿ ಅಳೆಯೋಕೆ ಹೋಗ್ಬೇಡಿ. ಬಾಗಿಲನ್ನ ಚೌಕಟ್ಟೊಳಗೆ ನಿಲ್ಲಿಸಿ, ಅಡಿಗೆ ಬೆಣೆ ಕೊಟ್ಟು, ಮೇಲ್ಗಡೆ 3 ಎಂಎಂ ಗ್ಯಾಪ್ ಬಿಟ್ಟು, ಚೌಕಟ್ಟಿನ ಕಚ್ಚಿಂದ ನೇರ ಬಾಗಿಲಿಗೇ ಗುರುತು ಹಾಕ್ಕೊಳ್ಳಿ. ಆಮೇಲೆ ಹಿಂಜಸ್ಸನ್ನೇ ಇಟ್ಟು ಸುತ್ತ ಚಾಕೂಲಿ ಗೀರಿ. ಮೊದ್ಲು ಎರಡೂ ತುದಿ ಅಡ್ಡ ಕಡೀರಿ, ಇಲ್ಲಾಂದ್ರೆ ಸಿಪ್ಪೆ ಗೆರೆ ದಾಟಿ ಎದ್ದು ಬಂದ್ಬಿಡುತ್ತೆ, ಆಮೇಲೆ ಒಳಗೆ ಹತ್ತತ್ರ ಸಣ್ಣ ಸಣ್ಣ ಏಟು, ಕೊನೆಗೆ ಕೊಡತಿ ಪಕ್ಕಕ್ಕಿಟ್ಟು ಉಳಿ ಮಲಗಿಸಿ ಕೈಯಲ್ಲೇ ತಳ್ಳಿ ಸಮ ಮಾಡಿ.

ಮಲ್ನಾಡ್_ಹುಡ್ಗ:
ಸರಿಯಾಗಿ ಹೇಳಿದಾರೆ. ಆದ್ರೆ ಅಣ್ಣ, ಚೌಕಟ್ಟಿನ ಹಳೇ ಕಚ್ಚಿನ ಆಳಾನೂ ನೋಡಿ. ಹಳೇ ತಗಡು ದಪ್ಪ ಇದ್ದಿದ್ರೆ ಹೊಸ ಹಿಂಜಸ್ ಒಳಗೆ ಹೂತ್ಕೊಳ್ಳುತ್ತೆ, ಆಗ ಬಾಗಿಲು ಹಿಂಜಸ್ ಕಡೆ ಚೌಕಟ್ಟಿಗೆ ಒತ್ಕೊಂಡು, ಮುಚ್ಚಿದ್ರೂ ವಾಪಸ್ ಚಿಮ್ಮುತ್ತೆ. ಸುಮಾರು ಜನ ಆಗ ಲಾಕ್ ಕಡೆ ಕೀಸೋಕೆ ಶುರು ಮಾಡ್ತಾರೆ, ಅದ್ರಿಂದ ಏನೂ ಆಗಲ್ಲ. ಹಿಂಜಸ್ ಹಿಂದೆ ಗಟ್ಟಿ ರಟ್ಟಿನ ತುಂಡು ಕೊಟ್ರೆ ಸರಿ ಹೋಗುತ್ತೆ. ಹಳೇ ಸ್ಕ್ರೂ ತೂತಿಗೆ ಬಿದಿರು ಕಡ್ಡಿ ಫೆವಿಕಾಲ್ ಹಚ್ಚಿ ಹೊಡೀರಿ, ಒಣಗಿದ್ಮೇಲೆ ಹೊಸ ತೂತು.

ಸಾಗರದ_ಮನೆ:
ಈಗ ಇಟ್ಟು ನೋಡ್ದೆ, ತಗಡಿಗಿಂತ 1 ಎಂಎಂ ಆಳ ಇದೆ, ರಟ್ಟು ಹಾಕ್ತೀನಿ. ಥ್ಯಾಂಕ್ಸ್! ಫ್ಲಶ್ ಡೋರಲ್ಲಿ ಸ್ಕ್ರೂ ಹಿಡಿಯುತ್ತಾ?

ಉಳಿ_ಕೊಡತಿ:
ಅಂಚಲ್ಲಿ ಗಟ್ಟಿ ಮರದ ಪಟ್ಟಿ ಇರುತ್ತಲ್ಲ, ಅದ್ರಲ್ಲಿ ಹಿಡಿಯುತ್ತೆ, ಅಗಲ ಜಾಸ್ತಿ ಆಯ್ತು ಅಂತ ಆ ಪಟ್ಟೀನೇ ಕೀಸಿ ತೆಗೀಬೇಡಿ ಅಷ್ಟೇ. ಸಣ್ಣ ಡ್ರಿಲ್ ಬಿಟ್ಟಲ್ಲಿ ತೂತು ಹಾಕಿ, ಸ್ಕ್ರೂಗೆ ಸ್ವಲ್ಪ ಸೋಪು ಹಚ್ಚಿ. ಮೊದ್ಲು ಹಿಂಜಸ್ಸಿನ ಒಂದೊಂದು ತಗಡಿಗೆ ಒಂದೊಂದೇ ಸ್ಕ್ರೂ ಹಾಕಿ ಬಾಗಿಲು ಆಡಿಸಿ ನೋಡಿ. ನಿಮ್ಮ ಕಡೆ ಮಳೆಗೆ ಮರ ಉಬ್ಬುತ್ತೆ, ಲಾಕ್ ಕಡೆ 3 ಎಂಎಂಗಿಂತ ಕಮ್ಮಿ ಗ್ಯಾಪ್ ಬಿಡ್ಬೇಡಿ.