ಟೆಂಡರ್‌ನಾಗ 24 ಹೋಗಿ 42 ಆಗೇತಿ, ಈಗ ಯಾರ ಕಡೆ ನಿಲ್ಲೋದು?

ದಲಾಲಿಅಂಗಡಿ_ಬ್ಯಾಡಗಿ (ಸೋಮವಾರ ಮಧ್ಯಾಹ್ನ)
ನಮಸ್ಕಾರ್ರೀ. ಬ್ಯಾಡಗಿ ಯಾರ್ಡ್‌ನಾಗ ನಮ್ದು ದಲಾಲಿ ಅಂಗಡಿ ಐತಿ, ಅಪ್ಪಾಜಿ ಹಾಕಿದ್ದು, ಕಂಪ್ಯೂಟರ್ ಕೆಲಸ ಎಲ್ಲಾ ನಾನ ನೋಡ್ತೇನಿ. ಇವತ್ತು ಒಂದು ಕಡ್ಡಿ ಮೆಣಸಿನಕಾಯಿ ಲಾಟ್ ಇತ್ತು, 9 ಚೀಲ, ಮೂರೂವರಿ ಕ್ವಿಂಟಲ್. ವಿನ್ನರ್ ಲಿಸ್ಟ್ ಬಂತು ನೋಡಿದ್ರ ಕ್ವಿಂಟಲ್‌ಗೆ 42,109! ಆ ಮಾಲಿಗೆ 24 ಸಾವಿರ ಬಂದ್ರ ದೊಡ್ಡದು. ಹಾಕಿದವ್ರು ಯಾರಂದ್ರ 18 ವರ್ಷದಿಂದ ನಮ್ಮಲ್ಲೆ ಖರೀದಿ ಮಾಡೋರು, ಕಾಕಾ ಅಂತನ ಕರಿತೇನಿ ನಾನು. ಚಾಳೀಸು ಕಾರ್‌ನಾಗ ಬಿಟ್ಟು ಬಂದಿದ್ರಂತ, 24,109 ಹಾಕಾಕ ಹೋಗಿ ಅಂಕಿ ಹಿಂದಮುಂದ ಒತ್ಯಾರ. "ತಮ್ಮಾ, ಹೆಂಗರ ಮಾಡಿ ಕ್ಯಾನ್ಸಲ್ ಮಾಡ್ಸು" ಅಂತ ಹತ್ತು ನಿಮಿಷಕ್ಕೊಮ್ಮೆ ಫೋನ್. ಅಷ್ಟರಾಗ ರೈತನ ಮೊಬೈಲ್‌ಗೆ ಮೆಸೇಜ್ ಹೋಗಿ ಅಂವ ಊರಿಗೆಲ್ಲಾ ಹೇಳಿ ಮುಗಸ್ಯಾನ. ಫರಕ್ 63 ಸಾವಿರ ಆಗತೈತ್ರಿ. ಚೀಟಿ ಬರದು ಡಬ್ಬ್ಯಾಗ ಹಾಕೋ ಕಾಲದಾಗ ಇಂಥಾದ್ದು ಆಗಿದ್ರ ಅಪ್ಪಾಜಿ ಇಬ್ಬರನ್ನೂ ಗಾದಿ ಮ್ಯಾಲೆ ಕುಂದ್ರಿಸಿ ಚಾ ಕುಡಿಸಿ ಬಗೆಹರಸ್ತಿದ್ರು, ಈಗ ಲಿಸ್ಟ್ ಎಲ್ಲಾರಿಗೂ ಕಾಣತೈತಿ. ಕಾಕಾನ ಬಿಡಾಕೂ ಆಗವಲ್ದು ರೈತಗ ಬಾಯಿ ತೆರಿಯಾಕೂ ಆಗವಲ್ದು. ಸಂಜಿ ಒಳಗ ಏನರ ಹೇಳ್ರಿ.

ಒಣಬೇಸಾಯ
ತಮ್ಮಾ, ಒಂದು ಕೇಳ್ತೀನಿ ಸಿಟ್ಟಾಗಬ್ಯಾಡ. ನಮ್ಮ ಕಡೆ ತಪ್ಪಾಗಿದ್ರ ನಿಮ್ಮ ಕಾಕಾ ಬಿಡ್ತಿದ್ರೇನು? ಧಾರಣಿ ಸೇರಲಿಲ್ಲಂದ್ರ ಮಾಲು ಕೊಡಂಗಿಲ್ಲ ಅನ್ನೋ ಹಕ್ಕು ರೈತಗ ಐತಿ, ಬಾಗಲಾ ಇದ್ರ ಅದೊಂದ. ಅಂವ ತಾನ ಒಲ್ಲೆ ಅಂದ್ರ ಲಾಟ್ ಗುರುವಾರದ ಟೆಂಡರ್‌ಗೆ ಹೋಗತೈತಿ. ಆದ್ರ ಅಂವ ನಿಮ್ಮ ಕಡೆ ಮುಂಗಡ ತಗೊಂಡಾನೋ ಇಲ್ಲೋ ಅದನ್ನ ಮೊದಲು ಹೇಳು. ಬೀಜಕ್ಕ, ಗೊಬ್ಬರಕ್ಕ, ಮಗಳ ಮದುವಿಗೆ ದಲಾಲಿ ಕಡೆನ ಕೈ ಒಡ್ಡೋದು, ಅದಕ್ಕ ಮಾಲು ಅದೇ ಅಂಗಡಿಗೆ ಇಳಸಬೇಕು. ಎಲ್ಲಾ ಪಾರದರ್ಶಕ ಅಂತಾರ, ಈ ಮುಂಗಡ ಯಾವ ಸ್ಕ್ರೀನ್ ಮ್ಯಾಲೆ ಕಾಣತೈತಿ? ಮುಂಗಡ ಇದ್ದಂವನ ಮುಂದ ನೀ ಹೋಗಿ "ನೋಡಪಾ" ಅಂದ್ರ ಅದು ಕೇಳೋದಲ್ಲ, ಹೆದರಸೋದು.

ಕೊಬ್ಬರಿ_ತಿಪಟೂರು
ನಾನು ಖರೀದಿದಾರ, ಹಂಗಾಗಿ ನಿಮ್ಮ ಕಾಕಾ ಹೊಟ್ಟೆಉರಿ ನಂಗೆ ಅರ್ಥ ಆಗುತ್ತೆ, ಆದ್ರೂ ಒಂದ್ ಮಾತು ಹೇಳ್ತೀನಿ. 2014ರಲ್ಲಿ ರಾಜ್ಯದ ಮಾರ್ಕೆಟ್‌ಗಳನ್ನ ಒಂದೇ ಆನ್‌ಲೈನ್ ವೇದಿಕೆಗೆ ಸೇರ್ಸೋಕೆ ಶುರು ಮಾಡಿದ್ರಲ್ಲ, ಆಮೇಲೆ 2016ರಲ್ಲಿ ಕೇಂದ್ರದ ಇ-ನಾಮ್ (ದೇಶದ ಮಾರ್ಕೆಟ್‌ಗಳಿಗೆಲ್ಲ ಆನ್‌ಲೈನ್ ವೇದಿಕೆ) ಬಂತು, ಆಗ ಎಲ್ಲಿ ಕೂತ್ರೂ ಎಲ್ಲಿ ಬೇಕಾದ್ರೂ ಟೆಂಡರ್ ಹಾಕ್ಬೋದು ಅಂತ ನಮ್ಗೂ ಖುಷಿ. ಒಂದ್ಸಲ ಅರಸೀಕೆರೆ ಲಾಟಿಗೆ ಹಾಕ್ದೆ, ನಂದೇ ವಿನ್ನರ್. ಲಾರಿ ತಗೊಂಡ್ ಹೋದ್ರೆ ಅಲ್ಲಿನ ಮಂಡಿಯವ್ರು "ದುಡ್ಡು ಅಕೌಂಟಿಗೆ ಬರ್ಲಿ, ಆಮೇಲೆ ಲೋಡ್ ಮಾಡಿ" ಅಂದ್ರು. ಅವ್ರ ತಪ್ಪೇನಿಲ್ಲ ಬಿಡಿ, ನಾನ್ಯಾರು ಅವ್ರಿಗೆ? ನಮ್ಮೂರ ಮಂಡಿಲಿ ಹತ್ತು ದಿನ ಉದ್ರಿ ಕೊಡ್ತಾರೆ, ನಮ್ಮಪ್ಪನ ಕಾಲದಿಂದ. ರೇಟು ಕ್ವಿಂಟಲ್‌ಗೆ ನೂರು ರೂಪಾಯಿ ಕಮ್ಮಿ ಸಿಕ್ರೂ ಉದ್ರಿ ಇಲ್ದೆ ನಾನು ವ್ಯಾಪಾರ ಮಾಡೋಕಾಗಲ್ಲ. ಅದ್ಕೇ ನಾನು ಮತ್ತೆ ಹೊರಗಡೆ ಹಾಕ್ಲಿಲ್ಲ. ನಿಮ್ಮ ಕಾಕಾನೂ 18 ವರ್ಷ ಉದ್ರಿ ಮೇಲೇ ನಡೆಸಿರ್ತಾರೆ, ಈಗ ತಪ್ಪಾದಾಗ ಅವ್ರೇ ದುಡ್ಡು ಬಿಚ್ಲಿ.

ಗೂಡು_ರಾಮನಗರ
ಅಯ್ಯೋ ನಮ್ ಕತೆ ಕೇಳಿ. ರೇಷ್ಮೆಗೂಡು ಹರಾಜು ಕೂಗ್ತಿದ್ದಾಗ ಯಾರು ಕೂಗ್ತಾವ್ರೆ ಅಂತ ಮುಖ ಕಾಣ್ತಿತ್ತು, ಬೇಕಾದೋರು ಕೈ ಇಟ್ಟ ಲಾಟಿಗೆ ನಾವು ಸುಮ್ನಾಗ್ತಿದ್ವಿ, ನಮ್ ಲಾಟಿಗೆ ಅವ್ರು ಸುಮ್ನಾಗ್ತಿದ್ರು (ರೈತನಿಗೆ ಅದ್ರಿಂದ ಹೊಡ್ತ ಬೀಳ್ತಿತ್ತು, ಸುಳ್ಳು ಹೇಳಲ್ಲ). ಈಗ ಮೊಬೈಲಲ್ಲಿ ಬಿಡ್ಡು. ಹೋದ್ ತಿಂಗ್ಳು ಒಂದ್ ಲಾಟಿಗೆ ಯಾವನೋ ಬಿಡದೇ ಏರಿಸ್ತಾವ್ನೆ, ನಾನೂ ಹಠಕ್ಕೆ ಬಿದ್ದು ಕೆಜಿಗೆ ಎರಡೆರಡು ರೂಪಾಯಿ ಜಾಸ್ತಿ ಮಾಡ್ಕೊಂಡು ಹೋದೆ, ಸಂಜೆ ಗೊತ್ತಾಯ್ತು ಅವ್ನು ನನ್ ಚಿಕ್ಕಪ್ಪನ ಮಗ, ಮಾರ್ಕೆಟ್ ಗೇಟ್ ಹತ್ರ ಟೀ ಅಂಗಡೀಲಿ ನನ್ ಬೆನ್ನ ಹಿಂದೇನೇ ಕೂತಿದ್ದ. ಎರಡ್ ದಿನ ಮಾತಾಡ್ಲಿಲ್ಲ ಕಣ್ರೀ.

ದಲಾಲಿಅಂಗಡಿ_ಬ್ಯಾಡಗಿ (ಗುರುವಾರ ರಾತ್ರಿ)
ಎಲ್ಲಾರಿಗೂ ಥ್ಯಾಂಕ್ಸ್‌ರೀ. @ಒಣಬೇಸಾಯ ಅಣ್ಣಾರ, ಮುಂಗಡ ಐತ್ರಿ, 40 ಸಾವಿರ. ನೀವು ಹೇಳಿದ್ದು ಓದಿ ನಾ ಹೋಗಲಿಲ್ಲ, ಕಾಕಾಗನ ಹೋಗ್ರಿ ಅಂದೆ. ಸೋಮವಾರ ಸಂಜಿ ರೈತನ ಮುಂದ ನಿಂತು, ಕಣ್ಣು ಸರಿ ಕಾಣಲಿಲ್ಲಪಾ ಅಂತ ಕೇಳ್ಕೊಂಡ್ರಂತ. ಅಂವ ಭಾಳ ಹೊತ್ತು ಸುಮ್ಮನ ಇದ್ದು, ಧಾರಣಿ ಒಪ್ಪಿಲ್ಲ ಅಂತ ಬರದು ಸಹಿ ಮಾಡಿದ, 42 ಸಾವಿರಕ್ಕ ಒಪ್ಪಿಲ್ಲ ಅಂತ! ಆಫೀಸ್‌ನಾಗ ಓದಿದವ್ರು ನಕ್ರು. ಇವತ್ತು ಅದೇ ಲಾಟ್‌ಗೆ 23,809 ಬಂತು, ಬ್ಯಾರೇದವರು ತಗೊಂಡ್ರು. ಕಾಕಾ ರೈತಗ 15 ಸಾವಿರ ಕೊಟ್ಟಾರ. ಆದ್ರ ಇವತ್ತು ಕಾಕಾ ನಮ್ಮ ರಾಶಿ ನೋಡಾಕ ಬಂದು ಎರಡು ಕಾಯಿ ಮುರದು ಮೂಸಿ ನೋಡಿ, ಚಾ ಬ್ಯಾಡ ಅಂತ ಹಂಗ ಬಾಜೂ ಅಂಗಡಿಗೆ ಹೋದ್ರು. ನಮ್ಮ ಒಂದು ಲಾಟ್‌ಗೂ ಹಾಕಿಲ್ಲ.

ಒಣಬೇಸಾಯ
ಆ 15 ಸಾವಿರ ರೈತನ ಲೆಕ್ಕದ ಪಟ್ಟಿಯಾಗ ಬರದ್ರೇನು?

ದಲಾಲಿಅಂಗಡಿ_ಬ್ಯಾಡಗಿ
ಇಲ್ರಿ ಅಣ್ಣಾರ, ಕೈಯಾಗ ಕೊಟ್ಟಾರ.