ಅಪ್‌ಡೇಟ್: ಕಾರ್ಖಾನೆ ಧೂಳಿನ ಮೀಟರ್ ಏನು ಹೇಳಿತು

ಕೊಪ್ಪಳದ ಗಿಣಿಗೇರಾ ಕಡೆ ನಮ್ಮ ಮನೆ, ಹತ್ತಿರದಲ್ಲೇ ಸ್ಪಾಂಜ್ ಐರನ್ (ಅದಿರಿನಿಂದ ತೆಗೆಯುವ ಕಚ್ಚಾ ಕಬ್ಬಿಣ) ಕಾರ್ಖಾನೆ. ಗಾಳಿಯಲ್ಲಿ ತೇಲುವ ಕಣ ಅಳೆಯುವ ಅಗ್ಗದ ಪಿಎಂ ಮೀಟರ್ ತಂದರೆ ಧೂಳಿನ ಲೆಕ್ಕ ಸಿಗುತ್ತಾ ಅಂತ ಕೇಳಿದ್ದೆ. ಒಂದನ್ನು ತಂದು ಮಾಳಿಗೆ ಮೇಲೆ ನೆರಳಲ್ಲಿಟ್ಟೆ. ಅರ್ಧ ಲೆಕ್ಕ ಸಿಕ್ಕಿತು ಅನ್ನಬಹುದು.

ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್‌ವರೆಗಿನ ಸಣ್ಣ ಕಣ, ಇದರ ಏರಿಳಿತ ಚೆನ್ನಾಗಿಯೇ ಕಾಣುತ್ತದೆ. ರಾತ್ರಿ ಏರುತ್ತದೆ, ಬಿಸಿಲೇರಿದ ಮೇಲೆ ಇಳಿಯುತ್ತದೆ. ಇಷ್ಟಕ್ಕೇ ಕಾರ್ಖಾನೆ ರಾತ್ರಿ ಜಾಸ್ತಿ ಹೊಗೆ ಬಿಡುತ್ತದೆ ಅನ್ನುವ ಹಾಗಿಲ್ಲ. ರಾತ್ರಿ ತಣ್ಣಗಿನ ಗಾಳಿ ನೆಲಕ್ಕೇ ಅಂಟಿಕೊಂಡಿರುತ್ತದೆ, ಹೊಗೆ ಮೇಲೆ ಹೋಗುವುದಿಲ್ಲ. ಅದಕ್ಕೇ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಅಂತಲೂ ಪಕ್ಕದಲ್ಲೇ ಬರೆಯುತ್ತಿದ್ದೇನೆ. ಮಂಜು ಬಿದ್ದ ಬೆಳಿಗ್ಗೆಯ ರೀಡಿಂಗ್ ನಂಬಬೇಡಿ. ತೇವ ಹೀರಿ ಉಬ್ಬಿದ ಕಣಗಳಿಂದ ಲೇಸರ್ ಸೆನ್ಸರ್ ಜಾಸ್ತಿ ತೋರಿಸುತ್ತದೆ.

ಪಿಎಂ 10 (10 ಮೈಕ್ರೋಮೀಟರ್‌ವರೆಗಿನ ಕಣ) ಅಂಕಿ ಮಾತ್ರ ಸುಮ್ನೆ ಅಂದಾಜು. ದಪ್ಪ ಕಣ ಈ ಸೆನ್ಸರ್‌ಗೆ ಸರಿಯಾಗಿ ಸಿಗುವುದೇ ಇಲ್ಲ. ನಮ್ಮ ಗೋಳಿರುವುದೇ ಅದರಲ್ಲಿ, ಅಲ್ವಾ? ಒಣಹಾಕಿದ ಹಪ್ಪಳದ ಮೇಲೆ ಬಿದ್ದ ಕರಿ ಪುಡಿಯನ್ನು ಬಿಳಿ ಹಾಳೆಗೆ ಉದುರಿಸಿ, ಕೆಳಗೆ ಆಯಸ್ಕಾಂತ ಆಡಿಸಿದೆ. ಪುಡಿ ನಿಮಿರಿ ನಿಂತು ಜೊತೆಗೇ ಓಡಿತು. ಕಬ್ಬಿಣ ಇದೆ ಅನ್ನುವುದಕ್ಕೆ ಇಷ್ಟು ಸಾಕು, ಎಷ್ಟಿದೆ ಅನ್ನುವುದಕ್ಕೆ ಸಾಲದು.

ನಮ್ಮ ದೇಶದ 2009ರ ಮಾನದಂಡದಲ್ಲಿ 24 ಗಂಟೆಯ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ ಪಿಎಂ 10 ಆದರೆ 100, ಪಿಎಂ 2.5 ಆದರೆ 60 ಮೈಕ್ರೋಗ್ರಾಂ. ಒಂದು ಕ್ಷಣದ ರೀಡಿಂಗ್ ಹಿಡಿದು ಜಗಳಕ್ಕೆ ಹೋದರೆ ನಿಲ್ಲುವುದಿಲ್ಲ. ಫಿಲ್ಟರ್ ತೂಗಿ ಲೆಕ್ಕ ಹಾಕುವ ಸ್ಯಾಂಪ್ಲರ್ ಬೇಕು. ಅದನ್ನು ಊರೊಳಗೇ ಇಡಿ ಅಂತ ಅರ್ಜಿ ಕೊಟ್ಟಿದ್ದೇವೆ, ಗಾಳಿಯ ದಿಕ್ಕು ಬರೆದ ಹಾಳೆಗಳನ್ನೂ ಲಗತ್ತಿಸಿ.