ಅಣಕು ಸಾಕ್ಷ್ಯಚಿತ್ರ: ಸ್ಕ್ರಿಪ್ಟಿನಲ್ಲಿರೋ ನಗು ತೆರೆ ಮೇಲೆ ಯಾಕೆ ಬರಲ್ಲ?

ಕಿರುತೆರೆಪ್ರಿಯ:
ಅಣಕು ಸಾಕ್ಷ್ಯಚಿತ್ರ ಅಂದ್ರೆ ನಿಜವಾದ ಸಾಕ್ಷ್ಯಚಿತ್ರದ ವೇಷ ಹಾಕಿರೋ ಹಾಸ್ಯ. ಬಿಬಿಸಿಯ ‘ದಿ ಆಫೀಸ್’ (ಒಂದು ಕಚೇರಿಯ ದಿನಚರಿ), ‘ಕಂಕ್ ಆನ್ ಅರ್ತ್’ (ಏನೂ ತಿಳಿಯದ ನಿರೂಪಕಿ ಮನುಕುಲದ ಇತಿಹಾಸ ಹೇಳೋದು) ಎರಡರಲ್ಲೂ ಹಿನ್ನೆಲೆ ನಗು ಇಲ್ಲ, ಜೋಕ್ ಹೇಳ್ತಿದೀವಿ ಅನ್ನೋ ಮುಖಭಾವವೂ ಇಲ್ಲ. ಆದ್ರೂ ನಗು ತಡೆಯೋಕಾಗಲ್ಲ. ಅದೇ ಧಾಟಿಯಲ್ಲಿ ಎಂಟು ನಿಮಿಷದ್ದೊಂದು ಮಾಡ್ತಿದೀವಿ. ಓದಿದಾಗ ಎಲ್ಲರೂ ನಗ್ತಾರೆ, ಶೂಟ್ ಮಾಡಿ ನೋಡಿದ್ರೆ ಸ್ಕೂಲ್ ಡೇ ನಾಟಕ. ಎಲ್ಲಿ ಕೆಡ್ತಿದೆ?

ಎಡಿಟ್‌ಟೇಬಲ್:
ಬಹುಶಃ ಕ್ಯಾಮೆರಾದಲ್ಲಿ. ನಿಜವಾದ ಸಾಕ್ಷ್ಯಚಿತ್ರದಲ್ಲಿ ಮುಂದೆ ಯಾರು ಮಾತಾಡ್ತಾರೆ ಅಂತ ಕ್ಯಾಮೆರಾದವರಿಗೆ ಗೊತ್ತಿರಲ್ಲ, ಅದಕ್ಕೇ ಫ್ರೇಮ್ ಅರೆಕ್ಷಣ ತಡವಾಗಿ ಮುಖಕ್ಕೆ ಬರುತ್ತೆ. ಡೈಲಾಗಿಗಿಂತ ಮೊದಲೇ ಅಲ್ಲಿ ಹೋಗಿ ನಿಂತ್ರೆ ನೋಡುವವರಿಗೆ ಸ್ಕ್ರಿಪ್ಟ್ ವಾಸನೆ ಬಡಿಯುತ್ತೆ. ನಟರ ಜೊತೆ ರಿಹರ್ಸಲ್ ಮಾಡಿ, ಕ್ಯಾಮೆರಾದವರನ್ನ ಹೊರಗಿಡಿ. ಜಾಗ ಎಲ್ಲಿ, ಎಷ್ಟು ಜನ ಇರ್ತಾರೆ ಅಂತ ಹೇಳಿದ್ರೆ ಸಾಕು. ಮಾತು ಮುಗಿದ ಮೇಲೆ ಜೂಮ್ ಶುರುವಾಗಲಿ.

ಸಂದರ್ಶನದ ಶಾಟಿಗೆ ಟ್ರೈಪಾಡ್ ಬೇಕು. ಪ್ರಶ್ನೆ ಕೇಳುವವರು ಲೆನ್ಸಿನ ಪಕ್ಕಕ್ಕೇ, ಅದೇ ಎತ್ತರದಲ್ಲಿ ಕೂರಲಿ. ಉತ್ತರ ಮುಗಿದ ಕೂಡಲೇ ಕಟ್ ಅನ್ನಬೇಡಿ, ಐದಾರು ಸೆಕೆಂಡ್ ಓಡಲಿ. ಎಡಿಟಿಂಗ್‌ನಲ್ಲಿ ಎರಡು ಸೆಕೆಂಡ್, ಅಂದ್ರೆ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ 50 ಫ್ರೇಮ್ ಉಳಿಸಿ. ಹೀಗೆ ಹೇಳಬಾರದಿತ್ತು ಅಂತ ಆ ವ್ಯಕ್ತಿಗೆ ಹೊಳೆಯೋದು ಅಲ್ಲೇ. ‘ದಿ ಆಫೀಸ್’ನಲ್ಲಿ ಟಿಮ್ ಅನ್ನೋ ಪಾತ್ರ ಕ್ಯಾಮೆರಾ ಕಡೆ ಹಾಯಿಸೋ ನೋಟ ಎಲ್ಲರಿಗೂ ಇಷ್ಟ. ಆದ್ರೆ ನಿಮ್ಮ ಪಾತ್ರಗಳೆಲ್ಲ ಹಾಗೇ ನೋಡೋಕೆ ಶುರು ಮಾಡಿದ್ರೆ ಅದರ ಬೆಲೆ ಹೋಯ್ತು. ಒಬ್ಬರಿಗೆ ಮೀಸಲಿಡಿ.

ಹಿನ್ನೆಲೆದನಿ:
ಸ್ಕ್ರಿಪ್ಟನ್ನೂ ಒಮ್ಮೆ ನೋಡಿ. 1957ರ ಏಪ್ರಿಲ್ 1ರಂದು, ಮೂರ್ಖರ ದಿನ, ಬಿಬಿಸಿಯ ಗಂಭೀರ ವರದಿಗಳ ಕಾರ್ಯಕ್ರಮ ‘ಪನೋರಮಾ’ದಲ್ಲಿ ಬಂದ ಸ್ಪಗೆಟಿ (ಗೋಧಿ ಹಿಟ್ಟಿನಿಂದ ಮಾಡುವ ಶಾವಿಗೆಯಂಥ ಇಟಲಿಯ ತಿನಿಸು) ಕೊಯ್ಲಿನ ವರದಿ ಈ ವಿಷಯಕ್ಕೆ ಪಾಠದಂತಿದೆ. ಅದರಲ್ಲಿರುವ ಮೂಲ ಸುಳ್ಳು ಒಂದೇ: ಸ್ವಿಟ್ಜರ್ಲೆಂಡಿನಲ್ಲಿ ಸ್ಪಗೆಟಿ ಮರದಲ್ಲಿ ಬೆಳೆಯುತ್ತದೆ. ಮಿಕ್ಕಿದ್ದೆಲ್ಲ ಅಪ್ಪಟ ಬೇಸಾಯದ ಮಾತು. ಈ ವರ್ಷ ಚಳಿ ಕಡಿಮೆ, ಕಾಟ ಕೊಡುತ್ತಿದ್ದ ಮೂತಿಹುಳು ಹೆಚ್ಚುಕಡಿಮೆ ಮಾಯ, ಮಾರ್ಚ್ ಕೊನೆಯಲ್ಲಿ ಮಾತ್ರ ಹಿಮದ ಭಯ. ಎಳೆಗಳೆಲ್ಲ ಒಂದೇ ಉದ್ದ ಇರುವುದಕ್ಕೂ ತಳಿ ಅಭಿವೃದ್ಧಿಯ ಕಾರಣ ಕೊಟ್ಟಿದ್ದಾರೆ! ನಂಬಿಕೊಂಡವರು ಬಹಳ ಜನ. ನಿಮ್ಮದರಲ್ಲಿ ಪ್ರತಿ ಸಾಲಿಗೂ ಹೊಸ ಸುಳ್ಳಿದ್ದರೆ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಹೊಡೆದುಹಾಕಿ.

ಆ ವರದಿಗೆ ದನಿ ಕೊಟ್ಟ ರಿಚರ್ಡ್ ಡಿಂಬಲ್ಬಿ 1953ರಲ್ಲಿ ಬ್ರಿಟನ್ನಿನ ರಾಣಿ ಎಲಿಜಬೆತ್ ಪಟ್ಟಾಭಿಷೇಕಕ್ಕೆ ವೀಕ್ಷಕ ವಿವರಣೆ ಕೊಟ್ಟವರು. ನೀವೂ ಹಾಸ್ಯನಟರ ಬದಲು ವಾರ್ತೆ ಓದಿ ಪಳಗಿದ ಗಂಟಲನ್ನು ಹುಡುಕಿ. ನಗೆಯ ಪದಕ್ಕೆ ಒತ್ತು ಕೊಟ್ಟ ಟೇಕ್ ತೆಗೆದುಬಿಡಿ. ತಮಾಷೆಯ ಹಿನ್ನೆಲೆ ಸಂಗೀತ ಬೇಡವೇ ಬೇಡ.

ಕಿರುತೆರೆಪ್ರಿಯ:
ತುಂಬಾ ಉಪಯೋಗ ಆಯ್ತು. ತಜ್ಞರ ಪಾತ್ರಕ್ಕೆ ನಟರನ್ನೇ ಹಾಕಬಹುದಾ?

ಮೂರನೇಬೆಂಚು:
ಆದಷ್ಟೂ ಬೇಡ. ‘ಕಂಕ್’ನಲ್ಲಿ ಕೂರೋರು ನಿಜವಾದ ವಿದ್ವಾಂಸರು. ಅಸಂಬದ್ಧ ಪ್ರಶ್ನೆಗೂ ತಾಳ್ಮೆಯಿಂದ ಸರಿಯಾದ ಉತ್ತರ ಕೊಡೋಕೆ ನೋಡ್ತಾರೆ, ಅರ್ಧ ನಗು ಆ ಪ್ರಾಮಾಣಿಕತೆಯದ್ದೇ. ಹಾಸ್ಯ ಕಾರ್ಯಕ್ರಮ ಅಂತ ಮೊದಲೇ ಹೇಳಿ ಒಪ್ಪಿಗೆ ತಗೊಳ್ಳಿ, ಪ್ರಶ್ನೆ ಮಾತ್ರ ತೋರಿಸಬೇಡಿ.

ಮತ್ತೆ, ಕನ್ನಡದಲ್ಲಿ ಮಾಡೋದಾದ್ರೆ ಟಿವಿಯ ಕೃಷಿ ಕಾರ್ಯಕ್ರಮದ ರೂಪ ಹಿಡೀರಿ. ಹೆಸರಿನ ಕೆಳಗೆ ‘ಪ್ರಗತಿಪರ ಕೃಷಿಕರು’ ಅನ್ನೋ ಪಟ್ಟಿ ನಾಲ್ಕು ಸೆಕೆಂಡ್ ಇರಲಿ. ಅದನ್ನ ಓದಿ ನಂಬೋಕೆ ಅಷ್ಟು ಹೊತ್ತು ಬೇಕು.